ಪಿತ್ತನಾಳದಲ್ಲಿ ಹುಳು: ಮಾತ್ರೆಗೆ ಮೊದಲು ಜಾಗ ಹುಡುಕಿ

"ಪಿತ್ತವಾಗಿದೆ, ಡಾಕ್ಟರೇ" ಎಂದು ಮುಂಬಯಿಯಲ್ಲಿ ಕನ್ನಡದ ರೋಗಿ ಹೇಳಿದರೆ ಅದಕ್ಕೆ ಕನಿಷ್ಠ ಮೂರು ಅರ್ಥಗಳಿವೆ. ಮರಾಠಿ ನೆರೆಹೊರೆಯಿಂದ ಮಾತು ಕಲಿತವರಿಗೆ ಪಿತ್ತವೆಂದರೆ ಎದೆಯುರಿ, ಹುಳಿತೇಗು. ಮೈಮೇಲೆ ತುರಿಸುವ ದದ್ದು ಎದ್ದರೂ ಅವರು ಪಿತ್ತ ಎದ್ದಿತು ಎನ್ನುತ್ತಾರೆ. ನಮ್ಮಲ್ಲೂ ಅದಕ್ಕೆ ಪಿತ್ತಗಂಧೆ ಎಂದೇ ಹೆಸರು. ಊರಿನಿಂದ ಬಂದ ಹಿರಿಯರಿಗೆ ಹಳದಿ ವಾಂತಿಯಾದರೆ ಪಿತ್ತ ಕೆರಳಿತು. ಮೂರೂ ಬಾಯಿಮಾತು ಎಂದು ನಾನು ಬಹಳ ಕಾಲ ತಳ್ಳಿಹಾಕುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ಪಿತ್ತನಾಳಕ್ಕೆ ಹುಳು ಹೊಕ್ಕವರು ಈ ಮೂರರಲ್ಲಿ ಒಂದು ಮಾತನ್ನು ಹಿಡಿದೇ ಬಾಗಿಲು ತಳ್ಳುತ್ತಾರೆ.

ಡೊಂಬಿವಲಿಯ ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ ಸೋನೋಗ್ರಫಿ ಮಾಡುವುದು ನನ್ನ ಕೆಲಸ. ಊರಿನಲ್ಲಿ ಇದನ್ನು ಸ್ಕ್ಯಾನಿಂಗ್ ಎನ್ನುತ್ತೇವೆ. ಇಲ್ಲಿ ಸೋನೋಗ್ರಫಿ ಎನ್ನದಿದ್ದರೆ ರಿಕ್ಷಾದವನಿಗೂ ದಾರಿ ತಿಳಿಯುವುದಿಲ್ಲ. ಹೊಸದಾಗಿ ವೃತ್ತಿಗಿಳಿದ ಕನ್ನಡದ ವೈದ್ಯರಿಗಾಗಿ ಮತ್ತು ರೋಗಿಯ ಪಕ್ಕದಲ್ಲಿ ಫೈಲು ಹಿಡಿದು ನಿಲ್ಲುವ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇದನ್ನು ಓದಿ ಮನೆಯಲ್ಲೇ ಮಾತ್ರೆ ನುಂಗಬೇಡಿ. ಏಕೆ ನುಂಗಬಾರದು ಎಂಬುದೇ ಈ ಬರಹದ ಅರ್ಧ ಭಾಗ.

ಕೊಳವೆ ಮತ್ತು ಬಾಗಿಲು

ಯಕೃತ್ತಿನಲ್ಲಿ ತಯಾರಾದ ಪಿತ್ತರಸ ಪಿತ್ತನಾಳದ ಮೂಲಕ ಇಳಿದು ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್‌ಗೆ ಬೀಳುತ್ತದೆ. ಬೀಳುವ ಜಾಗದಲ್ಲಿ ಒಂದು ಸಣ್ಣ ಬಾಗಿಲಿದೆ. ಹೆಚ್ಚಿನವರಲ್ಲಿ ಮೇದೋಜೀರಕ ಗ್ರಂಥಿಯ ನಾಳವೂ ಅದೇ ಬಾಗಿಲಿಗೆ ಬಂದು ಸೇರುತ್ತದೆ. ಆರೋಗ್ಯವಂತ ವಯಸ್ಕನ ಮುಖ್ಯ ಪಿತ್ತನಾಳದ ಅಗಲ ಸಾಮಾನ್ಯವಾಗಿ 6 ಮಿಲಿಮೀಟರಿನೊಳಗೆ. ಕರುಳಿನಲ್ಲಿ ವಾಸಿಸುವ ದುಂಡು ಜಂತುಹುಳು, ಅಂದರೆ ಆಸ್ಕರಿಸ್, 15ರಿಂದ 35 ಸೆಂಟಿಮೀಟರ್ ಉದ್ದ, 3ರಿಂದ 6 ಮಿಲಿಮೀಟರ್ ದಪ್ಪ. ಕೊಳವೆಯ ಅಳತೆಗೂ ಹುಳುವಿನ ಅಳತೆಗೂ ಎಷ್ಟು ಹತ್ತಿರ ನೋಡಿ. ಕಂಡ ತೂತಿಗೆಲ್ಲ ತಲೆ ಹಾಕುವುದು ಈ ಹುಳುವಿನ ಹುಟ್ಟುಗುಣ. ಬಾಗಿಲು ದಾಟಿ ತಲೆ ಹಾಕಿತೆಂದರೆ ನಾಳ ಹಿಂಡಿಕೊಳ್ಳುತ್ತದೆ, ರೋಗಿ ಹಾಸಿಗೆಯಲ್ಲಿ ಮಡಚಿಕೊಳ್ಳುತ್ತಾನೆ.

ಮುಂಬಯಿಯವರಿಗೆ ಸುಲಭವಾಗಿ ಹೇಳಬೇಕೆಂದರೆ, ಪಿತ್ತನಾಳದ ಹುಳುಗಳಲ್ಲಿ ಎರಡು ಜಾತಿ. ದುಂಡುಹುಳು ದಾರಿ ತಪ್ಪಿ ಬಂದ ಅತಿಥಿ: ಅದರ ಮನೆ ಕರುಳು, ಬರುತ್ತದೆ, ಎಷ್ಟೋ ಸಲ ತಾನೇ ಹೊರಟು ಹೋಗುತ್ತದೆ. ಲಿವರ್ ಫ್ಲೂಕ್ ಎನ್ನುವ ಎಲೆಯಾಕಾರದ ಚಪ್ಪಟೆ ಹುಳು ಪಗಡಿ (ಮುಂಗಡ ಕೊಟ್ಟು ಹಳೆಯ ಬಾಡಿಗೆಗೇ ನೆಲೆನಿಂತ) ಬಾಡಿಗೆದಾರ: ಪಿತ್ತನಾಳವೇ ಅದರ ಮನೆ, ವರ್ಷಗಟ್ಟಲೆ ಜಾಗ ಬಿಡುವುದಿಲ್ಲ. ಒಬ್ಬನನ್ನು ಕಳಿಸುವ ಕ್ರಮ ಇನ್ನೊಬ್ಬನಿಗೆ ನಡೆಯುವುದಿಲ್ಲ. ಆದ್ದರಿಂದ "ಯಾವ ಮಾತ್ರೆ?" ಎಂಬ ಪ್ರಶ್ನೆ ಕೊನೆಗಿರಲಿ. ಮೊದಲು ಕೇಳಬೇಕಾದವು: ಹುಳು ಈಗ ಎಲ್ಲಿದೆ, ಜೀವಂತವಾಗಿದೆಯೇ, ಯಾವ ಜಾತಿಯದು.

ಎಲ್ಲಕ್ಕಿಂತ ಮೊದಲು

ಬಲ ಪಕ್ಕೆಯ ನೋವು, ಚಳಿಜ್ವರ, ಕಾಮಾಲೆ ಒಟ್ಟಿಗೆ ಬಂದಿದ್ದರೆ ಹುಳುವಿನ ಜಾತಿ ವಿಚಾರಿಸುತ್ತ ಕೂರಬೇಡಿ. ಫ್ರೆಂಚ್ ವೈದ್ಯ ಶಾರ್ಕೋ 1877ರಲ್ಲೇ ಗುರುತಿಸಿದ ಈ ಮೂರರ ಕೂಟ, ಕಟ್ಟಿಕೊಂಡ ನಾಳದಲ್ಲಿ ಕೀವಾಗುತ್ತಿದೆ ಎನ್ನುತ್ತದೆ. ಜೊತೆಗೆ ರಕ್ತದೊತ್ತಡ ಕುಸಿದು, ರೋಗಿ ತೊದಲತೊಡಗಿದರೆ ಗಂಟೆಗಳ ಲೆಕ್ಕ. ಆ್ಯಂಟಿಬಯಾಟಿಕ್ ಶುರು ಮಾಡಿ, ಇಆರ್‌ಸಿಪಿ (ಬಾಯಿಯಿಂದ ಎಂಡೋಸ್ಕೋಪ್ ಇಳಿಸಿ ಪಿತ್ತನಾಳ ತೆರೆಯುವ ವಿಧಾನ) ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ ಅದೇ ರಾತ್ರಿ ಕಳಿಸಿ. ಒಳಗಿರುವುದು ಕಲ್ಲೋ ಹುಳುವೋ ಎಂಬುದನ್ನು ಅಲ್ಲಿ ನಾಳ ತೆರೆದಾಗ ನೋಡಿಕೊಳ್ಳುತ್ತಾರೆ.

ಹೊಕ್ಕುಳಿನ ಮೇಲಿಂದ ಬೆನ್ನಿಗೆ ಇರಿಯುವ ನೋವಿದ್ದು, ರಕ್ತದಲ್ಲಿ ಲೈಪೇಸ್ ಎಂಬ ಜೀರ್ಣಕಿಣ್ವ ಏರಿದ್ದರೆ ಮೇದೋಜೀರಕ ಗ್ರಂಥಿಯೂ ಊದಿಕೊಂಡಿದೆ ಎಂದು ತಿಳಿಯಿರಿ. ಬಾಗಿಲು ಒಂದೇ ಎಂದೆನಲ್ಲ.

ದೋಸೆಕಲ್ಲಿನ ಹುಡುಗ

ಮಳೆಗಾಲದ ಒಂದು ಶುಕ್ರವಾರ ರಾತ್ರಿ ಮಾಟುಂಗಾ ಕಡೆಯ ಹೋಟೆಲೊಂದರ ಹುಡುಗನನ್ನು ಇಬ್ಬರು ಹಿಡಿದುಕೊಂಡು ಬಂದರು. ಕುಂದಾಪುರದ ಕಡೆಯವನು, ಇಪ್ಪತ್ತಾರರ ವಯಸ್ಸು, ದೋಸೆ ಹುಯ್ಯುವ ಕೆಲಸ. ಅಣ್ಣ ಡೊಂಬಿವಲಿಯಲ್ಲಿ ಇದ್ದುದರಿಂದ ನಮ್ಮಲ್ಲಿಗೆ ಬಂದಿದ್ದ. ಎದೆಗುಂಡಿಯ ಕೆಳಗೆ ಒದ್ದೆ ಬಟ್ಟೆ ಹಿಂಡಿದಂತೆ ನೋವು, ಬಂದರೆ ಹತ್ತು ಹದಿನೈದು ನಿಮಿಷ, ಮಧ್ಯೆ ಏನೂ ಆಗಿಲ್ಲದವನಂತೆ ಕೂರುತ್ತಿದ್ದ. ಎರಡು ತಿಂಗಳಲ್ಲಿ ಇದು ಮೂರನೆಯ ಸಲ. ಹಿಂದಿನ ಎರಡು ಸಲವೂ ಗ್ಯಾಸ್ ಎಂದು ಹೇಳಿ ಗುಳಿಗೆ ಕೊಟ್ಟು ಕಳಿಸಿದ್ದರು. ಜ್ವರವಿಲ್ಲ, ಕಣ್ಣು ಹಳದಿಯಿಲ್ಲ.

ಆ ರಾತ್ರಿ ನನ್ನ ಪರದೆಯಲ್ಲಿ ಕಲ್ಲಿರಲಿಲ್ಲ, ಹುಳುವೂ ಇರಲಿಲ್ಲ. ನಾಳ ಮಾತ್ರ 8 ಮಿಲಿಮೀಟರಿಗೆ ಹಿಗ್ಗಿತ್ತು. ಕಾರಣ ಕಾಣದೆ ಹಿಗ್ಗಿದ ನಾಳವನ್ನು "ಸಹಜ" ಎಂದು ಬರೆದು ಮುಗಿಸುವ ಆಸೆ ರಾತ್ರಿ ಹನ್ನೊಂದಕ್ಕೆ ಯಾರಿಗಾದರೂ ಬರುತ್ತದೆ. ಬಾಯಿಗೆ ಏನನ್ನೂ ಕೊಡದೆ, ಸಲೈನ್ ಏರಿಸಿ, ನೋವಿಗೆ ಸೆಳೆತ ತಗ್ಗಿಸುವ ಚುಚ್ಚುಮದ್ದು ಕೊಟ್ಟು ಮಲಗಿಸಿದೆವು. ಬೆಳಿಗ್ಗೆ ಮತ್ತೆ ಹೊಟ್ಟೆಯ ಮೇಲೆ ಪ್ರೋಬ್ (ಸೋನೋಗ್ರಫಿಯ ಕೈಯುಪಕರಣ) ಇಟ್ಟಾಗ ನಾಳದೊಳಗೆ ಬೆಳ್ಳಗಿನ ಜೋಡಿ ಗೆರೆ ಇತ್ತು. ಠಾಣೆ ಸೇತುವೆಯಿಂದ ಕೆಳಗೆ ನೋಡಿದರೆ ಕಾಣುವ ಲೋಕಲ್ ಹಳಿಯಂತೆ ಸಮಾನಾಂತರ, ಆದರೆ ತಿರುವಿನಲ್ಲಿ ಬಳುಕಿದ ಹಳಿ. ನಡುವಿನ ಕಪ್ಪು ಎಳೆ ಹುಳುವಿನ ಕರುಳು. ಪ್ರೋಬನ್ನು ಅಡ್ಡಕ್ಕೆ ತಿರುಗಿಸಿದರೆ ಬಳೆಯೊಳಗೆ ಬಳೆ. ಹಿಂದೆ ನೆರಳು ಬಿದ್ದಿರಲಿಲ್ಲ. ಕಲ್ಲಾಗಿದ್ದರೆ ಸಾಮಾನ್ಯವಾಗಿ ನೆರಳು ಬೀಳುತ್ತದೆ. ಉಸಿರು ಹಿಡಿಯಲು ಹೇಳಿ ಅರ್ಧ ನಿಮಿಷ ಕೈ ಅಲುಗಿಸದೆ ಕಾದೆ. ಹಳಿ ನಿಧಾನವಾಗಿ ಹೊರಳಿತು. ಹುಡುಗನ ಅಣ್ಣ ಪರದೆ ನೋಡಿ "ಇದು ಶ್ಯಾವಿಗೆಯ ಹಾಗಿದೆಯಲ್ಲ" ಎಂದ. ಆ ವಾರ ನಾನು ಶ್ಯಾವಿಗೆ ಉಪ್ಪಿಟ್ಟು ಮುಟ್ಟಲಿಲ್ಲ.

ಇಲ್ಲಿಂದ ಎರಡು ವಿಷಯ ಹಿಡಿದುಕೊಳ್ಳಿ. ಹುಳು ಬಂದು ಹೋಗುವ ಪ್ರಾಣಿ, ಆದ್ದರಿಂದ ಒಂದು ಸೋನೋಗ್ರಫಿಯಲ್ಲಿ ಕಾಣಲಿಲ್ಲ ಎಂದರೆ ಇಲ್ಲ ಎಂದಲ್ಲ. ನೋವು ಇರುವಾಗಲೇ ಇನ್ನೊಮ್ಮೆ ನೋಡಬೇಕು. ಅಲುಗಾಟ ಕಂಡರೆ ಹುಳು ಬದುಕಿದೆ, ಚಿಕಿತ್ಸೆಯ ದಾರಿ ಅಲ್ಲಿಗೆ ನಿರ್ಧಾರವಾಯಿತು.

ನಾನು ಎಡವಿದ್ದು

ಅಲುಗಾಟಕ್ಕಾಗಿ ಕಾಯುವ ಅಭ್ಯಾಸ ನನಗೆ ಬಂದದ್ದು ಒಂದು ಅವಮಾನದಿಂದ. ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕಿಯೊಬ್ಬರ ಪಿತ್ತನಾಳದಲ್ಲಿ ಜೋಡಿ ಗೆರೆ ಕಂಡು "ಹುಳು" ಎಂದು ವರದಿ ಬರೆದುಬಿಟ್ಟೆ. ಮಾತ್ರೆ ಕೊಟ್ಟರು. ಮತ್ತೆ ನೋಡಿದರೂ ಗೆರೆ ಅಲ್ಲೇ, ಅದೇ ಕೋನದಲ್ಲಿ. ಕೊನೆಗೆ ಎಕ್ಸ್‌ರೇ ತೆಗೆದಾಗ ಗೊತ್ತಾಯಿತು: ಹಿಂದೆ ಕಲ್ಲು ತೆಗೆಯುವಾಗ ನಾಳದಲ್ಲಿ ಇಟ್ಟಿದ್ದ ಪ್ಲಾಸ್ಟಿಕ್ ಸ್ಟೆಂಟ್, ಅಂದರೆ ಸಣ್ಣ ಕೊಳವೆ, ಅದು. ಸುಮಾರು ಮೂರು ತಿಂಗಳಲ್ಲಿ ತೆಗೆಯಬೇಕಾದದ್ದನ್ನು ಅವರೂ ಮರೆತಿದ್ದರು. ನಾನು ಕೇಳಿದ್ದು "ಆಪರೇಷನ್ ಆಗಿದೆಯೇ?" ಎಂದು. ಹೊಟ್ಟೆ ಕೊಯ್ದಿರಲಿಲ್ಲವಲ್ಲ, ಅವರು ಇಲ್ಲ ಎಂದರು. ಈಗ "ಬಾಯಿಯಿಂದ ಪೈಪ್ ಹಾಕಿ ಏನಾದರೂ ಮಾಡಿದ್ದರೇ?" ಎಂದೇ ಕೇಳುತ್ತೇನೆ.

ಆ ಪ್ರಶ್ನೆಗೆ ಇನ್ನೊಂದು ಉಪಯೋಗವೂ ಇದೆ. ಕಲ್ಲು ತೆಗೆಯಲು ಪಿತ್ತನಾಳದ ಬಾಗಿಲನ್ನು ಕತ್ತರಿಸಿ ಅಗಲ ಮಾಡಿಸಿಕೊಂಡವರಲ್ಲಿ ಹುಳು ಒಳನುಗ್ಗುವುದು ಸುಲಭ. ಪಿತ್ತಕೋಶ ತೆಗೆಸಿಕೊಂಡವರಲ್ಲಿ, ಗರ್ಭಿಣಿಯರಲ್ಲಿ ಕೂಡ ಇದರ ಸಂಭವ ಹೆಚ್ಚು.

ಹಳಿಯಂತಲ್ಲದೆ, ಸುಕ್ಕುಗಟ್ಟಿದ ಪೊರೆಯಂಥದ್ದು ನಾಳದಲ್ಲಿ ತೇಲುತ್ತಿದ್ದು, ಪಕ್ಕದಲ್ಲಿ ಯಕೃತ್ತಿನೊಳಗೆ ನೀರುಗುಳ್ಳೆ ಕಂಡರೆ ಹೈಡಾಟಿಡ್ ಗುಳ್ಳೆ ನಾಳಕ್ಕೆ ಒಡೆದಿರಬಹುದು. ಅದೂ ಹುಳುವಿನದೇ ಕೆಲಸ, ಆದರೆ ನಾಯಿಯ ಲಾಡಿಹುಳುವಿನ ಮರಿಯದು. ಕುರಿ ಮತ್ತು ನಾಯಿಗಳ ಜೊತೆ ಬೆಳೆದವರಲ್ಲಿ ನೆನಪಿಡಿ. ಅದರ ದಾರಿಯೇ ಬೇರೆ, ಶಸ್ತ್ರಚಿಕಿತ್ಸಕರನ್ನು ಕರೆಯಬೇಕು, ಇಲ್ಲಿ ವಿಸ್ತರಿಸುವುದಿಲ್ಲ.

ದುಂಡುಹುಳುವಾದರೆ: ಕೊಲ್ಲುವ ಆತುರ ಬೇಡ

ಜ್ವರ, ಕಾಮಾಲೆ ಇಲ್ಲದ, ಹುಳು ಅಲುಗಾಡುತ್ತಿರುವ ರೋಗಿಗೆ ಮೊದಲ ಚಿಕಿತ್ಸೆ ಕಾಯುವುದು. ಹೊಟ್ಟೆಗೆ ವಿಶ್ರಾಂತಿ, ಸಲೈನ್, ಸೆಳೆತದ ಔಷಧ, ದಿನಕ್ಕೊಮ್ಮೆ ಸೋನೋಗ್ರಫಿ. ಬಹಳಷ್ಟು ಜನರಲ್ಲಿ ಹುಳು ತಾನೇ ಕರುಳಿಗೆ ಹಿಂದಿರುಗುತ್ತದೆ. ನಮ್ಮ ದೇಶದಲ್ಲಿ ಈ ತೊಂದರೆಯನ್ನು ಅತಿ ಹೆಚ್ಚು ಕಂಡವರು ಕಾಶ್ಮೀರದ ವೈದ್ಯರು. ಶ್ರೀನಗರದ ಎಂ. ಎಸ್. ಖುರೂ ಮತ್ತು ಸಂಗಡಿಗರು 1990ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಇಂಥ 500 ರೋಗಿಗಳ ಅನುಭವವನ್ನು ಬರೆದಿದ್ದಾರೆ. ಚಾಕು ಹಿಡಿಯದೆ ಕಾಯುವುದಕ್ಕೆ ನಮ್ಮಂಥವರಿಗೆ ಧೈರ್ಯ ಕೊಟ್ಟದ್ದು ಅಲ್ಲಿನ ಅನುಭವವೇ.

ಆಲ್ಬೆಂಡಜೋಲ್ 400 ಮಿಲಿಗ್ರಾಂ ಒಂದೇ ಮಾತ್ರೆ, ಬೆಲೆಯೂ ಕಡಿಮೆ, ಎಲ್ಲರ ಮನೆಯಲ್ಲೂ ಗೊತ್ತು. ನೋವು ಬಂದ ತಕ್ಷಣ ಅದನ್ನೇ ಕೊಟ್ಟರೆ ಏನಾಗುತ್ತದೆ? ಮಾತ್ರೆ ಕರುಳಿನ ಹುಳುಗಳನ್ನು ಚೆನ್ನಾಗಿ ಕೊಲ್ಲುತ್ತದೆ. ಆದರೆ ಅರ್ಧ ನಾಳದೊಳಗೆ, ಅರ್ಧ ಹೊರಗೆ ಇರುವ ಹುಳು ಸೋತು ಅಲ್ಲೇ ಬಿದ್ದರೆ ಹಿಂದಕ್ಕೆ ತರುವವರು ಯಾರು? ಸತ್ತ ಹುಳು ನಾಳದಲ್ಲಿ ಕೊಳೆತು, ಅದರ ತುಣುಕುಗಳ ಸುತ್ತ ಪಿತ್ತ ಗಟ್ಟಿಯಾಗಿ ಕಲ್ಲು ಬೆಳೆಯುತ್ತದೆ. ಬೇಗ ಕೊಟ್ಟರೂ ತೊಂದರೆಯಿಲ್ಲ ಎನ್ನುವ ವೈದ್ಯರಿದ್ದಾರೆ. ನಾನು ಕಾಯುವವರ ಪಕ್ಷ. ನೋವು ನಿಂತು, ನಾಳ ಖಾಲಿಯಾಗಿದೆ ಎಂದು ಪರದೆಯಲ್ಲಿ ನೋಡಿದ ಮೇಲೆ ಮಾತ್ರೆ. ಮೆಬೆಂಡಜೋಲ್ ಆದರೆ 100 ಮಿಲಿಗ್ರಾಂ ದಿನಕ್ಕೆರಡು ಬಾರಿ, ಮೂರು ದಿನ. ಗರ್ಭಿಣಿಗೆ ಮೊದಲ ಮೂರು ತಿಂಗಳು ಆಲ್ಬೆಂಡಜೋಲ್ ಬೇಡ.

ದೋಸೆಯ ಹುಡುಗನ ನಾಳ ಮೂರನೆಯ ದಿನ ಖಾಲಿಯಾಗಿತ್ತು. ಮಾತ್ರೆ ಕೊಟ್ಟ ಮರುದಿನ ಅವನೇ ನಾಚಿಕೊಳ್ಳುತ್ತ ಎರಡು ಬೆರಳು ತೋರಿಸಿದ: ಮಲದಲ್ಲಿ ಎರಡು ಬಿದ್ದಿದ್ದವು.

ಮೂರು ವಾರ ಕಳೆದರೂ ಹುಳು ಅದೇ ಜಾಗದಲ್ಲಿ, ಅಲುಗಾಡದೆ ಇದ್ದರೆ ಸತ್ತಿದೆ ಎಂದೇ ಲೆಕ್ಕ. ಆಗ, ಅಥವಾ ಜ್ವರ, ಕಾಮಾಲೆ, ತಗ್ಗದ ನೋವು ಇದ್ದರೆ ಅದಕ್ಕೂ ಮೊದಲೇ, ಇಆರ್‌ಸಿಪಿ: ಬಾಯಿಯಿಂದ ಇಳಿಸಿದ ಎಂಡೋಸ್ಕೋಪಿನ ಮೂಲಕ ಇಕ್ಕಳ ಅಥವಾ ಬುಟ್ಟಿಯಲ್ಲಿ ಹುಳುವನ್ನು ಹಿಡಿದು ಎಳೆಯುತ್ತಾರೆ. ತುಂಡಾಗದಂತೆ ಎಳೆಯುವುದೇ ಕೈಚಳಕ. ಹುಳು ಹಾವಳಿ ಹೆಚ್ಚಿರುವ ಕಡೆಗಳಲ್ಲಿ ಬಾಗಿಲು ಕತ್ತರಿಸುವುದನ್ನು ಆದಷ್ಟು ತಪ್ಪಿಸುತ್ತಾರೆ. ಬಾಗಿಲು ಅಗಲವಾದರೆ ಮುಂದಿನ ಹುಳುವಿಗೆ ರಾಜಮಾರ್ಗ.

ಮಲ ಪರೀಕ್ಷೆಯ ಬಗ್ಗೆ ಒಂದು ಮಾತು. ಹೆಣ್ಣು ಹುಳು ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತದೆ, ಹಾಗಾಗಿ ಸೂಕ್ಷ್ಮದರ್ಶಕದಲ್ಲಿ ಹುಡುಕುವುದು ಕಷ್ಟವಲ್ಲ; ಹಲಸಿನ ಸಿಪ್ಪೆಯಂತೆ ಉಬ್ಬುತಗ್ಗಿನ, ಕಂದುಬಣ್ಣದ ಗುಂಡು. ಆದರೆ ಒಳಗಿರುವುದು ಗಂಡು ಹುಳು ಮಾತ್ರವಾದರೆ ಒಂದು ಮೊಟ್ಟೆಯೂ ಸಿಗುವುದಿಲ್ಲ. ಬೆಳೆದ ದುಂಡುಹುಳುವಿದ್ದರೆ ರಕ್ತದಲ್ಲಿ ಇಯೊಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಏರಲೇಬೇಕೆಂದೂ ಇಲ್ಲ. ಆ ಕಣಗಳು ಎಗರಿದ್ದರೆ ನನ್ನ ಅನುಮಾನ ಇನ್ನೊಬ್ಬನ ಮೇಲೆ ಹೋಗುತ್ತದೆ.

ಚಪ್ಪಟೆ ಹುಳು: ತಂಬುಳಿಯ ಪ್ರಶ್ನೆ

ಕೆಲವು ವಾರಗಳಿಂದ ಬಿಡದ ಜ್ವರ, ಬಲ ಪಕ್ಕೆಯಲ್ಲಿ ಮಂದ ನೋವು, ಆಗಾಗ ಪಿತ್ತಗಂಧೆ, ರಕ್ತದಲ್ಲಿ ಇಯೊಸಿನೊಫಿಲ್ ಕಣಗಳು ಮಾಮೂಲಿನ ಮಿತಿಯಾದ ಮೈಕ್ರೋಲೀಟರಿಗೆ 500 ಅನ್ನು ದಾಟಿ ಸಾವಿರಗಟ್ಟಲೆ. ಇದು ಫ್ಯಾಸಿಯೋಲಾ ಹುಳುವಿನ ಮೊದಲ ಹಂತದ ಚಹರೆ. ಕುರಿ, ದನ, ಎಮ್ಮೆಗಳ ಯಕೃತ್ತಿನ ಹುಳು ಇದು. ನಮ್ಮ ಜಾನುವಾರುಗಳಲ್ಲಿ ಹೆಚ್ಚಾಗಿ ಇರುವುದು ಫ್ಯಾಸಿಯೋಲಾ ಜೈಗಾಂಟಿಕಾ, 7 ಸೆಂಟಿಮೀಟರಿನವರೆಗೂ ಬೆಳೆಯುತ್ತದೆ. ಮನುಷ್ಯರಲ್ಲಿ ಅಪರೂಪ, ಆದ್ದರಿಂದಲೇ ಯಾರಿಗೂ ಹೊಳೆಯುವುದಿಲ್ಲ. ಸಗಣಿಯ ಮೊಟ್ಟೆ ನೀರಿಗೆ, ನೀರಿನಿಂದ ಸಣ್ಣ ಬಸವನಹುಳುವಿಗೆ, ಅಲ್ಲಿಂದ ಹೊರಬಂದ ಮರಿ ನೀರಂಚಿನ ಸೊಪ್ಪಿಗೆ ಅಂಟಿ ಗುಳ್ಳೆಯಾಗುತ್ತದೆ. ಆ ಸೊಪ್ಪನ್ನು ಹಸಿಯಾಗಿ ತಿಂದವರ ಕರುಳಿನ ಗೋಡೆ ಕೊರೆದು, ಹೊಟ್ಟೆಯ ಪೊಳ್ಳಿನಲ್ಲಿ ದಾಟಿ, ಯಕೃತ್ತನ್ನು ಹೊರಗಿನಿಂದ ತಿನ್ನುತ್ತ ಪಿತ್ತನಾಳ ಸೇರಲು ಅದಕ್ಕೆ ಮೂರು ನಾಲ್ಕು ತಿಂಗಳು ಬೇಕು. ಅಷ್ಟು ದಿನವೂ ಮಲದಲ್ಲಿ ಮೊಟ್ಟೆ ಕಾಣುವುದಿಲ್ಲ. ಈ ಹಂತದಲ್ಲಿ ಮಲ ಪರೀಕ್ಷೆ ನಂಬಿದವರು ಕೆಟ್ಟರು. ಸಿಟಿ ಸ್ಕ್ಯಾನಿನಲ್ಲಿ ಯಕೃತ್ತಿನ ಅಂಚಿನಿಂದ ಒಳಕ್ಕೆ ಕೊರೆದ ಸುರಂಗದಂಥ ಕಪ್ಪು ಗೆರೆಗಳನ್ನು, ರಕ್ತದಲ್ಲಿ ಪ್ರತಿಕಾಯಗಳನ್ನು ಹುಡುಕಬೇಕು. ಇಲ್ಲವಾದರೆ ಆ ಗೆರೆಗಳನ್ನು ಕೀವುಗಡ್ಡೆ ಎಂದೋ ಕ್ಯಾನ್ಸರ್ ಎಂದೋ ಓದಿ ಮನೆಯವರನ್ನು ಅಳಿಸುತ್ತೇವೆ.

"ಹಸಿ ಸೊಪ್ಪು ತಿನ್ನುತ್ತೀರಾ?" ಎಂದು ಕೇಳಿದರೆ ನಮ್ಮವರು ಇಲ್ಲ ಎನ್ನುತ್ತಾರೆ, ಸಲಾಡು ನಮ್ಮ ಊಟವಲ್ಲ. "ಒಂದೆಲಗದ ತಂಬುಳಿ ಮಾಡುತ್ತೀರಾ ಅಮ್ಮ?" ಎಂದು ಕೇಳಿ ನೋಡಿ. ವಾರಕ್ಕೆರಡು ಸಲ, ಊರಿಗೆ ಹೋದಾಗ ಗದ್ದೆಯಂಚಿನಿಂದಲೇ ಕಿತ್ತು ತಂದದ್ದು, ಎಂಬ ಉತ್ತರ ಬರುತ್ತದೆ. ದನ ಮೇಯುವ ಜೌಗು ಅಂಚಿನ ಸೊಪ್ಪನ್ನು ಬೇಯಿಸದೆ ಅರೆದರೆ ಅದು ಹಸಿಯೇ. ಅಂಟಿಕೊಂಡ ಗುಳ್ಳೆ ಬರೀ ನೀರಿನಲ್ಲಿ ತೊಳೆದರೆ ಹೋಗುತ್ತದೆಂಬ ಭರವಸೆಯಿಲ್ಲ, ಕುದಿಸಿದರೆ ಸಾಯುತ್ತದೆ. ಮನೆಯ ಕುಂಡದಲ್ಲಿ ನಲ್ಲಿ ನೀರು ಹಾಕಿ ಬೆಳೆಸಿದ ಒಂದೆಲಗಕ್ಕೆ ಈ ಭಯವಿಲ್ಲ. ತಂಬುಳಿಯನ್ನು ನಾನೂ ಬಿಟ್ಟಿಲ್ಲ.

ಇದಕ್ಕೆ ತದ್ವಿರುದ್ಧವಾದ ಬಲೆಯೂ ಒಂದಿದೆ. ರೋಗಿ ಚೆನ್ನಾಗಿದ್ದಾನೆ, ಯಾವುದೋ ಕಾರಣಕ್ಕೆ ಮಾಡಿದ ಮಲ ಪರೀಕ್ಷೆಯಲ್ಲಿ ಮುಚ್ಚಳವಿರುವ ದೊಡ್ಡ ಮೊಟ್ಟೆ, ಸುಮಾರು 140 ಮೈಕ್ರಾನ್ ಉದ್ದದ್ದು, ಸಿಕ್ಕಿದೆ. ಹಿಂದಿನ ದಿನ ಪಾವ್ ಜೊತೆ ಕಲೀಜಿ ತಿಂದಿದ್ದನೇ ಕೇಳಿ. ಹುಳುವಿದ್ದ ಪ್ರಾಣಿಯ ಯಕೃತ್ತು ತಿಂದರೆ ಮೊಟ್ಟೆಗಳು ಹಾದು ಹೋಗುತ್ತವೆ ಅಷ್ಟೇ, ರೋಗವಲ್ಲ. ಒಂದು ವಾರ ಕಲೀಜಿ ನಿಲ್ಲಿಸಿ ಮತ್ತೆ ಪರೀಕ್ಷಿಸಿ.

ನಿಜವಾದ ಫ್ಯಾಸಿಯೋಲಾಗೆ ಔಷಧ ಟ್ರೈಕ್ಲಾಬೆಂಡಜೋಲ್, ದೇಹದ ತೂಕದ ಪ್ರತಿ ಕಿಲೋಗೆ 10 ಮಿಲಿಗ್ರಾಂ, ಊಟದ ಜೊತೆ. ಒಂದು ಸಲ, ಅಥವಾ ಹನ್ನೆರಡು ಗಂಟೆಗಳ ಅಂತರದಲ್ಲಿ ಎರಡು ಸಲ. ಆಲ್ಬೆಂಡಜೋಲನ್ನು ಇದಕ್ಕೆ ನೆಚ್ಚಿಕೊಳ್ಳಬೇಡಿ. ಉಳಿದ ಬಹುತೇಕ ಚಪ್ಪಟೆ ಹುಳುಗಳಿಗೆ ರಾಮಬಾಣವಾದ ಪ್ರಾಜಿಕ್ವಾಂಟೆಲ್ ಕೂಡ ಇಲ್ಲಿ ಕೆಲಸ ಮಾಡುವುದಿಲ್ಲ. ಟ್ರೈಕ್ಲಾಬೆಂಡಜೋಲ್ ಮೂಲೆಯ ಮೆಡಿಕಲ್‌ನಲ್ಲಿ ಸಿಗುವ ಮಾತ್ರೆಯಲ್ಲ, ದೊಡ್ಡ ಆಸ್ಪತ್ರೆಯ ಮೂಲಕ ತರಿಸಬೇಕಾಗುತ್ತದೆ. ದನದ ಔಷಧದಲ್ಲಿ ಅದೇ ಹೆಸರು ಕಂಡು, ತಬೇಲಾದ ಬಾಟಲಿಯಿಂದ ಅಳೆದು ಕುಡಿಯುವ ಸಾಹಸ ಮಾಡಬೇಡಿ. ತರಿಸಲಾಗದಿದ್ದರೆ ನೈಟಜಾಕ್ಸನೈಡ್ 500 ಮಿಲಿಗ್ರಾಂ ದಿನಕ್ಕೆರಡು ಬಾರಿ ಏಳು ದಿನ ಕೊಡುವುದುಂಟು, ಫಲ ಅಷ್ಟು ಖಚಿತವಲ್ಲ. ಔಷಧ ಕೊಟ್ಟ ಮೊದಲ ವಾರ ಮತ್ತೆ ನೋವು ಬಂದರೆ ಗಾಬರಿಯಾಗಬೇಡಿ; ಸತ್ತ ಹುಳುಗಳು ನಾಳದಿಂದ ಇಳಿಯುತ್ತಿರಬಹುದು. ಕಾಮಾಲೆ ಕಾಣಿಸಿದರೆ ಮಾತ್ರ ತಡಮಾಡದೆ ಇಆರ್‌ಸಿಪಿ.

ಹಡಗಿನಲ್ಲಿ ದುಡಿದು ಬಂದವರು

ಚೀನಾ, ಕೊರಿಯಾ, ಥಾಯ್ಲೆಂಡ್ ಕಡೆ ಸಿಹಿನೀರಿನ ಮೀನನ್ನು ಹಸಿಯಾಗಿಯೋ ಅರೆಬೆಂದೋ ತಿಂದವರಲ್ಲಿ ಕ್ಲೋನಾರ್ಕಿಸ್, ಒಪಿಸ್ತಾರ್ಕಿಸ್ ಎಂಬ ಸಣ್ಣ ಚಪ್ಪಟೆ ಹುಳುಗಳು ಸೇರಬಹುದು. ಹಡಗಿನ ಕೆಲಸದಲ್ಲಿ ಬಂದರು ಬಂದರು ಸುತ್ತಿದವರು ನಮ್ಮ ಕರಾವಳಿಯವರಲ್ಲಿ ಕಡಿಮೆಯೇನಿಲ್ಲ. ಕ್ಲೋನಾರ್ಕಿಸ್ ಇಪ್ಪತ್ತು ವರ್ಷಕ್ಕೂ ಮಿಕ್ಕಿ ಬದುಕುತ್ತದೆ, ಆದ್ದರಿಂದ "ಈಚೆಗೆ ಎಲ್ಲಿಗೆ ಹೋಗಿದ್ದಿರಿ?" ಎಂದು ಕೇಳಿದರೆ ಸಾಲದು. ಈ ಎರಡು ಜಾತಿಗಳೂ ಪಿತ್ತನಾಳದ ಕ್ಯಾನ್ಸರಿಗೆ ಕಾರಣವಾಗುತ್ತವೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಖಚಿತವಾಗಿ ವರ್ಗೀಕರಿಸಿದೆ. ಔಷಧ ಪ್ರಾಜಿಕ್ವಾಂಟೆಲ್, ಕಿಲೋಗೆ 25 ಮಿಲಿಗ್ರಾಂನಂತೆ ದಿನಕ್ಕೆ ಮೂರು ಬಾರಿ, ಎರಡು ದಿನ. ಕೊಡುವ ಮುನ್ನ ಫಿಟ್ಸ್ ಬಂದದ್ದುಂಟೇ ಎಂದು ಕೇಳಿ. ಮಿದುಳಿನಲ್ಲಿ ಲಾಡಿಹುಳುವಿನ ಗುಳ್ಳೆ ಅಡಗಿದ್ದರೆ ಈ ಮಾತ್ರೆ ಅದನ್ನು ಕೆಣಕುತ್ತದೆ. ಮನೆಯ ಬಂಗುಡೆ ಸಾರಿಗೆ ಈ ಹುಳುಗಳ ಸಂಬಂಧವಿಲ್ಲ; ಅದು ಸಮುದ್ರದ ಮೀನು, ಮೇಲಾಗಿ ಕುದಿದದ್ದು.

ಮಾಲೀಕರು ಕೇಳಿದ್ದು

ದೋಸೆಯ ಹುಡುಗನನ್ನು ಬಿಡುಗಡೆ ಮಾಡುವ ದಿನ ಹೋಟೆಲಿನ ಮಾಲೀಕರೇ ಬಂದರು. ಬದಿಗೆ ಕರೆದು ಮೆಲ್ಲಗೆ, "ಇವನ ಕೈಯ ದೋಸೆ ತಿಂದವರಿಗೆಲ್ಲ ಹುಳುವಾಗುತ್ತದೆಯೇ? ಊರಿಗೆ ಕಳಿಸಿಬಿಡಲೇ?" ಎಂದರು. ದುಂಡುಹುಳುವಿನ ಮೊಟ್ಟೆ ಹೊರಬಿದ್ದ ಕೂಡಲೇ ಸೋಂಕು ತಗಲಿಸುವುದಿಲ್ಲ, ಮಣ್ಣಿನಲ್ಲಿ ಎರಡು ಮೂರು ವಾರ ಪಕ್ವವಾಗಬೇಕು ಎಂದು ವಿವರಿಸಿದೆ. ಹುಡುಗನಿಂದ ಗಿರಾಕಿಗೆ ನೇರವಾಗಿ ಹೋಗುವ ದಾರಿ ಅದಕ್ಕಿಲ್ಲ. ಅವನಿಗೆ ಬಂದದ್ದು ಮಣ್ಣು ಅಂಟಿದ ಸೊಪ್ಪಿನಿಂದಲೋ ತೊಳೆಯದ ಕೈಯಿಂದಲೋ ಇರಬೇಕು. ನಿಮ್ಮ ಚಟ್ನಿಯ ಕೊತ್ತಂಬರಿಯನ್ನು ಎಷ್ಟು ನೀರಿನಲ್ಲಿ ತೊಳೆಯುತ್ತೀರಿ ಎಂದು ಕೇಳಿದೆ. ಉತ್ತರ ಬರಲಿಲ್ಲ.

ಸರ್ಕಾರ 2015ರಿಂದ ಜಂತುಹುಳು ನಿವಾರಣಾ ದಿನದಂದು ಶಾಲೆ, ಅಂಗನವಾಡಿಗಳಲ್ಲಿ ಕೊಡುವ ಮಾತ್ರೆ 1ರಿಂದ 19 ವರ್ಷದವರಿಗೆ ಮಾತ್ರ. ಹದಿನಾಲ್ಕಕ್ಕೇ ಶಾಲೆ ಬಿಟ್ಟು ಮುಂಬಯಿ ರೈಲು ಹತ್ತಿದ ಹುಡುಗನ ಕೈಗೆ ಅದು ಸಿಕ್ಕಿರಲೇ ಇಲ್ಲ. ಹೋಟೆಲಿನ ಮೇಲ್ಮಾಳಿಗೆಯಲ್ಲಿ ಅವನ ಜೊತೆ ಮಲಗುವ ಹನ್ನೊಂದು ಜನಕ್ಕೂ ಒಂದೊಂದು ಮಾತ್ರೆ ಬರೆದುಕೊಟ್ಟೆ, ಮಾಲೀಕರದು ಸೇರಿ ಹನ್ನೆರಡು.

ಮೂರು ವಾರದ ನಂತರ ಹುಡುಗ ಹೇಳಿದ ದಿನಕ್ಕೇ ಬಂದ. ನಾಳ 5 ಮಿಲಿಮೀಟರ್, ಒಳಗೆ ಗೆರೆಯಿಲ್ಲ, ತುಣುಕಿಲ್ಲ, ಪಿತ್ತಕೋಶ ಸ್ವಚ್ಛ. ಮೂರು ತಿಂಗಳಿಗೆ ಮಲ ಪರೀಕ್ಷೆ ಎಂದು ಫೈಲಿನ ಮೇಲೆ ಬರೆದೆ. ನಡುವೆ ಅದೇ ಹಿಂಡುವ ನೋವು ಬಂದರೆ ಗ್ಯಾಸಿನ ಗುಳಿಗೆ ನುಂಗದೆ, ನೋವು ಇರುವಾಗಲೇ ನೇರ ನನ್ನ ಮೇಜಿಗೆ ಬರಬೇಕು ಎಂದು ಅಣ್ಣನಿಗೂ ಹೇಳಿ ಕಳಿಸಿದೆ.